ಮಕ್ಕಳ ಪುಸ್ತಕಕ್ಕ ಪ್ರಶಸ್ತಿ ಕೊಡೋರು ಮಕ್ಕಳೇ ಆಗ್ಲಿ: ಕೊಪ್ಪಳ ಜಿಲ್ಲೆಯಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ಬಾಲವಿಕಾಸ ಅಕಾಡೆಮಿಯ ಅಧ್ಯಕ್ಷರಿಗೆ, ಕನ್ನಡ ಪುಸ್ತಕ ಪ್ರಾಧಿಕಾರದವ್ರಿಗೆ, ಕೊಪ್ಪಳ ಜಿಲ್ಲಾ ಪಂಚಾಯತ್ ಸಿಇಒ ಅವರಿಗೆ, ಮತ್ತ ಮಕ್ಕಳಿಗಂತ ಪುಸ್ತಕ ಬರಿಯೋರು, ಅಚ್ಚು ಹಾಕ್ಸೋರು ಎಲ್ಲಾರಿಗೂ ಕುಕನೂರು ತಾಲೂಕಿನ ಒಂದು ಹಳ್ಳಿಯಿಂದ ಶರಣು ಶರಣಾರ್ಥಿ.

ಸುತ್ತಿ ಬಳಸಿ ಹೇಳೋದಿಲ್ರಿ. ಕನ್ನಡದಾಗ ಮಕ್ಕಳ ಪುಸ್ತಕಕ್ಕ ಒಂದು ಹೊಸಾ ಪ್ರಶಸ್ತಿ ಬೇಕು, ಅದಕ್ಕ ಪುಸ್ತಕದ ಹೆಸರು ಸೂಚಿಸೋರೂ ಮಕ್ಕಳು, ಓದೋರೂ ಮಕ್ಕಳು, ವೋಟ್ ಹಾಕೋರೂ ಮಕ್ಕಳು. ದೊಡ್ಡವ್ರ ಕೆಲಸ ಪುಸ್ತಕ ಅವರ ಕೈಗೆ ಮುಟ್ಟಿಸೋದು, ವೋಟ್ ಎಣಿಸೋದು, ಅಷ್ಟ. ಮೊದಲು ನಮ್ಮ ಕೊಪ್ಪಳ ಜಿಲ್ಲೆದಾಗ ಮಾಡಿ ನೋಡ್ರಿ, ಆಮೇಲೆ ರಾಯಚೂರು, ಬಳ್ಳಾರಿಗೆ ಒಯ್ಯಿರಿ, ಚೊಲೋ ನಡೀತಂದ್ರ ಇಡೀ ರಾಜ್ಯಕ್ಕ ಮಾಡ್ರಿ.

ನಾನು ಟೀಚರ್ ಅಲ್ರಿ, ಲೇಖಕಿನೂ ಅಲ್ಲ. ನನ್ನ ಎರಡೂ ಮಕ್ಕಳು ಊರಿನ ಸರ್ಕಾರಿ ಸಾಲಿಗೆ ಹೋಗ್ತಾವ, ರಜಾ ಇದ್ದಾಗ ನಾನು ಪಂಚಾಯ್ತಿ ಅರಿವು ಕೇಂದ್ರದಾಗ (ಹಳ್ಳಿ ಲೈಬ್ರರಿಗೆ ಈಗ ಅದೇ ಹೆಸರು) ಊರ ಹುಡುಗ್ರನ್ನ ಕೂಡಿಸ್ಕೊಂಡು ಪುಸ್ತಕ ಓದಸ್ತೀನಿ, ನಾನೂ ಓದ್ತೀನಿ. ಆ ಹುಡುಗ್ರು ಪುಸ್ತಕದ ಬಗ್ಗೆ ಮಾತಾಡೋದನ್ನ ಹತ್ರದಿಂದ ಕೇಳೀನಿ, ಅದಕ್ಕ ಇಷ್ಟು ಧೈರ್ಯದಿಂದ ಬರೀಲಿಕ್ಕತ್ತೀನಿ.

ಈಗ ಇರೋ ಪ್ರಶಸ್ತಿ ಬಗ್ಗೆ ನನಗೇನೂ ತಕರಾರು ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯವ್ರು 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡ್ತಾರ, 50 ಸಾವಿರ ರೂಪಾಯಿ, ಒಂದು ತಾಮ್ರದ ಫಲಕ. 2025ರಾಗ ಕನ್ನಡಕ್ಕ ಅದು ಕೆ. ಶಿವಲಿಂಗಪ್ಪ ಹಂದಿಹಾಳ ಅವರಿಗೆ ಬಂತು, ನಮ್ಮ ಬಳ್ಳಾರಿ ಕಡೆಯವ್ರು, ಕೇಳಿ ಭಾಳ ಖುಷಿ ಆತು, ನಮ್ಮ ಭಾಗದಾಗ ಮಕ್ಕಳಿಗೆ ಬರಿಯೋರು ಅದಾರ ಅನ್ನೋದು ದಿಲ್ಲಿ ಮಟ ಗೊತ್ತಾತಲ್ಲ ಅಂತ. ನಮ್ಮ ಜಿಲ್ಲೆಗೂ ಇದೇನು ಹೊಸದಲ್ಲ, ಇಲ್ಲೇ ದ್ಯಾಂಪುರದಾಗ ಹುಟ್ಟಿದ ಸಿದ್ದಯ್ಯ ಪುರಾಣಿಕರು ಅಷ್ಟು ದೊಡ್ಡ ನೌಕರಿದಾಗ ಇದ್ದೂ ಮಕ್ಕಳಿಗೆ ಪದ್ಯ ಬರದ್ರು. ಆದ್ರ ಅಕಾಡೆಮಿ ಪುರಸ್ಕಾರ ಆರಿಸೋರು ಮೂರು ಮಂದಿ ತೀರ್ಪುಗಾರರು. ಅವರು ಓದಿದವ್ರು, ತಿಳಿದವ್ರು, ಖರೆ. ಆದ್ರ ಒಂಬತ್ತರಿಂದ ಹದಿನಾರು ವರ್ಷದ ಮಕ್ಕಳಿಗಂತ ಬರೆದ ಪುಸ್ತಕ ಆ ವಯಸ್ಸಿನವ್ರಿಗೆ ನಾಟೇತೋ ಇಲ್ಲೋ ಅಂತ ಆ ಮಕ್ಕಳನ್ನೇ ಒಂದು ಮಾತು ಕೇಳೋ ಜಾಗ ಎಲ್ಲೈತಿ? ಅಡಗಿ ಹೆಂಗಾಗೇತಿ ಅಂತ ಉಂಡವ್ರನ್ನ ಬಿಟ್ಟು ಬ್ಯಾರೆಯವ್ರನ್ನ ಕೇಳಿದಂಗ ಆಗತೈತಿ.

ಹುಡುಗ್ರಿಗೆ ಏನು ತಿಳೀತೈತಿ ಅಂತೀರೇನು? ಒಂದು ಸಲ ಒಂದು ಕಥಿ ಓದಿದ್ವಿ. ಕುರಿ ಕಾಯೋ ಹುಡುಗ ಸಂಜಿ ಮುಂದ ಗಿಡದ ಬುಡಕ್ಕ ಮಲಗಿ ನಿದ್ದಿ ಹತ್ತತೈತಿ, ಕುರಿ ತಾವಾಗೇ ಮನಿಗೆ ಬರ್ತಾವ, ಅವ್ವ ಹುಡುಕ್ಕೊಂಡು ಹೋಗಿ ಮಗನ್ನ ಎಬ್ಬಿಸಿ ಕರಕೊಂಡು ಬರ್ತಾಳ. ಬರವಣಿಗಿ ಚಂದ ಇತ್ತು, ನನಗಂತೂ ಕಣ್ಣಾಗ ನೀರು ಬಂತು. ಆರನೇ ಕ್ಲಾಸಿನ ಒಬ್ಬಾಕಿ ಹುಡುಗಿ, ಅವರ ಮನ್ಯಾಗ ಕುರಿ ಅದಾವ, ಪುಸ್ತಕ ಮುಚ್ಚಿ ಹಿಂದ್ಲ ರಟ್ಟು ಒಂದು ಸಲ ಹೊಳ್ಳಿಸಿ ನೋಡಿ, "ಅಕ್ಕಾ, ಇವ್ರು ಕುರಿ ಹಿಂದ ಹೋದವ್ರಲ್ಲ ನೋಡ್ರಿ, ಸಂಜಿ ಮುಂದ ಯಾರ ಮಲಗ್ತಾರ, ಅದು ತ್ವಾಳ ಬರೋ ಹೊತ್ತು, ಮರಿ ಎಲ್ಲಿ ಅದಾವಂತ ಎಣಸ್ತಿರ್ತೀವಿ" ಅಂದ್ಲು. ಗಂಗಾವತಿ ತಾಲೂಕಿನ ಬಂಕಾಪುರದಾಗ ತ್ವಾಳಕ್ಕಂತನ ಒಂದು ಅಭಯಾರಣ್ಯ ಇರೋ ಜಿಲ್ಲೆ ನಮ್ದು, ಈ ಹುಡುಗ್ರಿಗೆ ತ್ವಾಳ ಅಂದ್ರ ಬರೇ ಕಥ್ಯಾಗಿನ ಪ್ರಾಣಿ ಅಲ್ಲ. ಆಕಿ ಅಷ್ಟಕ್ಕ ಬಿಡ್ಲಿಲ್ಲ, "ಆದ್ರ ಅವ್ವ ಬೈಲಾರದ ಕರ್ಕೊಂಡು ಬರೋದು ಚೊಲೋ ಐತಿ, ಅದೊಂದು ಹಂಗ ಇರ್ಲಿ" ಅಂತನೂ ಅಂದ್ಲು. ಇದು ವಿಮರ್ಶೆ ಅಲ್ಲೇನ್ರಿ? ಎಲ್ಲಿ ಸುಳ್ಳೈತಿ, ಎಲ್ಲಿ ಖರೆ ಐತಿ ಅಂತ ಎರಡೇ ಮಾತಿನ್ಯಾಗ ಬೇರ್ಪಡಿಸಿ ಇಟ್ಲು. ಆ ಪುಸ್ತಕ ಬರೆದವ್ರಿಗೆ ಈ ಮಾತು ಯಾರು ಮುಟ್ಟಿಸ್ಬೇಕು? ಮುಟ್ಟಿದ್ರ ಅವರೂ ಖುಷಿ ಪಡ್ತಿದ್ರು ಅಂತ ನನಗನಸ್ತೈತಿ, ಯಾಕಂದ್ರ ಮಕ್ಕಳಿಗೆ ಬರಿಯೋರಿಗೆ ಮಕ್ಕಳ ಕಡೆಯಿಂದ ಉತ್ತರ ಬರೋದೇ ಕಮ್ಮಿ, ಬಂದ್ರೂ ಟೀಚರ್ ಬರೆಸಿದ ಪತ್ರ ಬರ್ತಾವ.

ಇಂಥಾ ಪ್ರಶಸ್ತಿ ಬ್ಯಾರೆ ದೇಶದಾಗ ಹೊಸದಲ್ಲ. ಅಮೆರಿಕದ ವಾಯವ್ಯ ಭಾಗದ ಲೈಬ್ರರಿಯವ್ರು 1940ರಾಗೇ ಎಳೆ ಓದುಗ್ರೇ ಆರಿಸೋ ಪ್ರಶಸ್ತಿ ಶುರು ಮಾಡ್ಯಾರ, ಸಿಯಾಟಲ್ ಊರಿನ ಒಬ್ಬ ಪುಸ್ತಕದ ಅಂಗಡಿಯವ ಕೊಟ್ಟ ಐಡಿಯಾ ಅದು. ಬ್ರಿಟನ್ನಿನಾಗ 1980ರಿಂದ ಪೂರ್ತಿ ಮಕ್ಕಳೇ ಆರಿಸೋ ಪ್ರಶಸ್ತಿ ಐತಿ. ಟೆಕ್ಸಾಸ್ ರಾಜ್ಯದಾಗ ಮೂರರಿಂದ ಆರನೇ ಕ್ಲಾಸಿನವ್ರಿಗೆ 20 ಪುಸ್ತಕದ ಪಟ್ಟಿ ಕೊಡ್ತಾರ, ಅದ್ರಾಗ ಕನಿಷ್ಠ ಐದು ಓದಿರಬೇಕು ಇಲ್ಲಾ ಯಾರಾದ್ರೂ ಓದಿ ಹೇಳಿದ್ದನ್ನ ಕೇಳಿರಬೇಕು, ಅಂದ್ರ ಮಾತ್ರ ವೋಟ್. ಈ "ಕೇಳಿರಬೇಕು" ಅನ್ನೋದನ್ನ ನೀವು ಮರೀಬಾರ್ದು ನೋಡ್ರಿ, ಯಾಕಂದ್ರ ನಮ್ಮಲ್ಲಿ ಐದನೇ ಕ್ಲಾಸಿಗೆ ಬಂದ್ರೂ ಸರಾಗ ಓದಾಕ ಬರಲಾರದ ಹುಡುಗ್ರು ಅದಾವ, ಅವರಿಗೆ ಕಥಿ ತಿಳಿಯೋದಿಲ್ಲ ಅಂತ ಅಲ್ಲ, ಅಕ್ಷರ ತೊಡರ್ತಾವ ಅಷ್ಟ. ಯಾರಾದ್ರೂ ಜೋರಾಗಿ ಓದಿದ್ರ ಎಲ್ಲಾರ್ಕಿಂತ ಮೊದಲು ನಗೋರು ಅವರೇ. ಅವರ ವೋಟು ಬಿಟ್ಟು ಹೋಗಬಾರ್ದು. ಕಣ್ಣು ಕಾಣದ ಮಕ್ಕಳದ್ದೂ ಹಂಗ.

ಫ್ರಾನ್ಸಿನ ಸುದ್ದಿ ಒಂದು ಹೇಳಬೇಕು. ಅಲ್ಲಿ ಗೊನ್ಕೂರ್ ಅಂತ ದೊಡ್ಡ ಪ್ರಶಸ್ತಿ ಐತಿ, ಹಿರಿಯ ಲೇಖಕರು ಕೊಡೋದು. ಅದೇ ಪುಸ್ತಕದ ಪಟ್ಟಿ ಹಿಡ್ಕೊಂಡು 1988ರಿಂದ ನಮ್ಮ ಪಿಯುಸಿ ವಯಸ್ಸಿನ ಹುಡುಗ್ರು ಬ್ಯಾರೆ ಪ್ರಶಸ್ತಿ ಕೊಡ್ತಾರ, ಸುಮಾರು 2000 ವಿದ್ಯಾರ್ಥಿಗಳು ಎರಡು ತಿಂಗಳದಾಗ ಆ ಕಾದಂಬರಿ ಎಲ್ಲಾ ಓದಿ ಚರ್ಚಾ ಮಾಡಿ ಆರಿಸ್ತಾರ. ಮೊದಲನೇ ವರ್ಷ ಏನಾತಂದ್ರ ಹಿರಿಯರು ಆರಿಸಿದ್ದೂ ಹುಡುಗ್ರು ಆರಿಸಿದ್ದೂ ಒಂದೇ ಕಾದಂಬರಿ. ಮುಂದಿನ ಎಷ್ಟೋ ವರ್ಷ ಬ್ಯಾರೆ ಬ್ಯಾರೆ ಆರಿಸ್ಯಾರ, ಯಾವುದೂ ಹಗುರ ಪುಸ್ತಕ ಅಂತ ಯಾರೂ ಅನ್ನಂಗಿಲ್ಲ. ಹುಡುಗ್ರ ಕೈಯಾಗ ಕೊಟ್ರ ಬರೇ ದೆವ್ವದ ಕಥಿ, ಜೋಕಿನ ಪುಸ್ತಕಕ್ಕ ವೋಟ್ ಹಾಕ್ತಾರ ಅನ್ನೋರು ಇದನ್ನ ನೋಡ್ಬೇಕು. ಇನ್ನ ದೆವ್ವದ ಕಥಿಗೇ ವೋಟ್ ಹಾಕಿದ್ರು ಅಂತ ಇಟ್ಕೋರಿ, ಚೊಲೋ ದೆವ್ವದ ಕಥಿ ಬರಿಯೋದು ಸಣ್ಣ ಕೆಲಸ ಏನ್ರಿ? ಕನ್ನಡದಾಗ ಹತ್ತು ವರ್ಷದ ಹುಡುಗನಿಗೆ ರಾತ್ರಿ ದೀಪ ಆರಿಸಬ್ಯಾಡ ಅನ್ನೋವಷ್ಟು ಅಂಜಿಸೋ, ಮತ್ತ ಮರುದಿನ ಮುಂದಿನ ಭಾಗ ಬೇಕು ಅನ್ಸೋ ಪುಸ್ತಕ ಎಷ್ಟು ಅದಾವ? ನೀತಿ ಹೇಳೋ ಪುಸ್ತಕ ಅಂತೂ ಬೇಕಾದಷ್ಟು ಅದಾವ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ವೋಟ್ ಕೊಡೋದು ಸುಲಭ, ಪಟ್ಟಿ ಮಾಡೋ ಹಕ್ಕು ಕೊಡೋದು ಕಷ್ಟ. ನೀವು ಯಾರಾದ್ರೂ ಈ ಪತ್ರ ಓದಿ ಚೊಲೋ ಐಡಿಯಾ ಅಂತ ಒಪ್ಪಿದ್ರೂ ಮೊದಲು ಮಾಡೋ ಕೆಲಸ ಅಂದ್ರ ಒಂದು ಸಮಿತಿ ಮಾಡಿ, ಆ ಸಮಿತಿಯವ್ರು ಐದು ಪುಸ್ತಕ ಆರಿಸಿ, "ಮಕ್ಕಳೇ, ಇದ್ರಾಗ ಒಂದಕ್ಕ ವೋಟ್ ಹಾಕ್ರಿ" ಅನ್ನೋದು. ಅದು ಬ್ಯಾಡ್ರಿ. ಸಾಲ್ಯಾಗ ಶಾಲಾ ಸಂಸತ್ತು ಅಂತ ಚುನಾವಣೆ ಮಾಡ್ತಾರಲ್ಲ, ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಈಗೀಗ ಮೊಬೈಲ್ ಆ್ಯಪ್‌ನ್ಯಾಗ ವೋಟಿಂಗ್ ಮೆಷಿನ್ ಸೈತ ಮಾಡ್ತಾರ, ಹುಡುಗ್ರು ಎಷ್ಟು ಹುರುಪಿನಿಂದ ಮಾಡ್ತಾರಂದ್ರ ನೋಡಾಕ ಖುಷಿ. ಆದ್ರ ನಿಲ್ಲೋರು ಯಾರು ಅಂತ ಮಾಸ್ತರ್ ಮೊದಲೇ ಹೆಸರು ಬರೆದಿಟ್ಟ ಕಡೆ ಆ ಹುರುಪು ಇರೋದಿಲ್ಲ. ಹುಡುಗ್ರಿಗೆ ಅದು ತಕ್ಷಣ ಗೊತ್ತಾಗತೈತಿ, ಹೇಳಿದವ್ರಿಗೆ ಒತ್ತಿ ಎದ್ದು ಬರ್ತಾರ.

ಅದಕ್ಕ ನನಗ ಹೊಂದೋದು ಅಮೆರಿಕದ ಲೈಬ್ರರಿ ಸಂಘದವ್ರು 12ರಿಂದ 18 ವಯಸ್ಸಿನವ್ರಿಗೆ ಮಾಡಿದ ಪದ್ಧತಿ. ಅಲ್ಲಿ ಬ್ಯಾರೆ ಬ್ಯಾರೆ ಊರಿನ ಸಾಲಿ, ಲೈಬ್ರರಿ ಒಳಗ ಹುಡುಗ್ರ ಓದೋ ಗುಂಪು ಇರ್ತಾವ, ಹೊಸಾ ಪುಸ್ತಕ ಮೊದಲು ಆ ಗುಂಪಿಗೆ ಹೋಗ್ತಾವ, ಅವರು ಓದಿ ಹೆಸರು ಸೂಚಿಸ್ತಾರ, ಆ ಪಟ್ಟಿ ಹೊರಗ ಬಂದ ಮ್ಯಾಲ ದೇಶದ ಯಾವ ಹುಡುಗ ಹುಡುಗಿನಾದ್ರೂ ವೋಟ್ ಹಾಕಬಹುದು. ಎರಡೂ ಹಂತ ಹುಡುಗ್ರದ್ದೇ. ಇದನ್ನ ನಮ್ಮ ಜಿಲ್ಲೆಗೆ ಹೊಂದಿಸೋದು ಏನೂ ಕಷ್ಟ ಇಲ್ಲ. 2019ರಾಗ ಹಳ್ಳಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆ ಕೈಗೆ ಬಂದ್ವು, 2020ರಾಗ ನವೆಂಬರ್ 14ಕ್ಕ ಮಕ್ಕಳನ್ನ ಓದಿಗೆ ಹಚ್ಚೋ "ಓದುವ ಬೆಳಕು" ಕಾರ್ಯಕ್ರಮ ಶುರು ಆತು, ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ ಆತು. ಮೇಲ್ವಿಚಾರಕ್ರು ಅದಾರ, ರೂಮ್ ಐತಿ, ಮೆಂಬರ್ ಪುಸ್ತಕದಾಗ ಮಕ್ಕಳ ಹೆಸರು ಅದಾವ. ಏಳು ತಾಲೂಕಿನ್ಯಾಗ ತಾಲೂಕಿಗೆ ಎರಡರಂತೆ ಅರಿವು ಕೇಂದ್ರ ಆರಿಸಿ ಅಲ್ಲಿ ಹುಡುಗ್ರ ಗುಂಪು ಕಟ್ರಿ. ಹಿಂದಿನ ಎರಡು ವರ್ಷದಾಗ ಬಂದ ಕನ್ನಡ ಮಕ್ಕಳ ಪುಸ್ತಕ ಪ್ರಕಾಶಕರು ಕಳಸ್ಲಿ, ಆ ಗುಂಪು ಓದಿ ಹತ್ತು ಹೆಸರು ಆರಿಸ್ಲಿ. ಆ ಹತ್ತು ಪುಸ್ತಕ ಇಡೀ ಜಿಲ್ಲೆಗೆ ಹೋಗ್ಲಿ.

ಇಲ್ಲಿ ರೊಕ್ಕದ ಮಾತು ಬರತೈತಿ, ಅದನ್ನ ಬಿಟ್ಟು ಹಾರಿ ಹೋಗಬಾರ್ದು. ಪುಸ್ತಕ ಕೈಗೆ ಸಿಗಲಾರದ ವೋಟ್ ಹೆಂಗ ಹಾಕ್ತಾರ? ನಮ್ಮ ಕಡೆ ಏನಾಗತೈತಿ ಅಂದ್ರ ಒಂದು ಪುಸ್ತಕದ ಒಂದೇ ಕಾಪಿ ಬರತೈತಿ, ಅದು ಹರೀತೈತಿ ಅಂತ ಅಲ್ಮಾರಿ ಒಳಗ ಕೀಲಿ ಹಾಕಿ ಇಡ್ತಾರ. ನಾನು ಕಂಡ ಒಂದು ಸಾಲ್ಯಾಗ (ಯಾವ ಊರು ಅಂತ ಬ್ಯಾಡ) ಮಕ್ಕಳ ಪುಸ್ತಕದ ಬಂಡಲ್ ದಾರ ಸೈತ ಬಿಚ್ಚಿರಲಿಲ್ಲ, ಮ್ಯಾಲಿನ ಪುಸ್ತಕದ ರಟ್ಟಿನ ಮ್ಯಾಲ ದಾರದ ಗುರುತು ಒಳಗ ಇಳಿದು ಬಿಟ್ಟಿತ್ತು. ಆ ಹೆಡ್‌ಮಾಸ್ತರ್‌ದೂ ತಪ್ಪು ಅನ್ನಾಕ ಬರೋದಿಲ್ಲ, ಪುಸ್ತಕ ಕಳದ್ರ ಅವರು ಲೆಕ್ಕ ಕೊಡಬೇಕು, ಆಡಿಟ್‌ನವ್ರು ಓದಿ ಹರಿದ ಪುಸ್ತಕ, ಕಳೆದ ಪುಸ್ತಕ ಎರಡನ್ನೂ ಒಂದೇ ಕಣ್ಣಿನಿಂದ ನೋಡ್ತಾರ. ಅದಕ್ಕ ಮೊದಲು ಒಂದು ಆದೇಶ ಹೊರಡಸ್ರಿ: ಈ ಪ್ರಶಸ್ತಿಯ ಪುಸ್ತಕ ಓದಿ ಹರಿದ್ರ ಯಾರ ಪಗಾರದಿಂದನೂ ಮುರಕೊಳ್ಳೋದಿಲ್ಲ ಅಂತ. ಆ ಒಂದು ಸಾಲು ಬರದ್ರ ಅರ್ಧ ಅಲ್ಮಾರಿ ತೆರೀತಾವ.

ಲೆಕ್ಕ ಹಾಕಿ ನೋಡ್ರಿ, ಹತ್ತು ಪುಸ್ತಕ, ಒಂದೊಂದರದ್ದು ನಾಲ್ಕು ಕಾಪಿ, ಒಂದು ಪಂಚಾಯ್ತಿಗೆ 40 ಪುಸ್ತಕ. ಒಂದಕ್ಕ 100 ರೂಪಾಯಿ ಹಿಡಿದ್ರೂ 4000 ರೂಪಾಯಿ. ಒಂದು ತಗಡಿನ ಪೆಟ್ಟಿಗಿ ಒಳಗ ಹಾಕಿದ್ರ ಈ ಊರಿಂದ ಆ ಊರಿಗೆ ಬೈಕ್ ಮ್ಯಾಲೂ ಒಯ್ಯಬಹುದು. ನಾವು ಮನಿ ಕಂದಾಯ ಕಟ್ಟುವಾಗ ಗ್ರಂಥಾಲಯ ಕರ ಅಂತ ರೂಪಾಯಿಗೆ ಆರು ಪೈಸೆ ಕಟ್ತೀವಿ, 1965ರ ಕಾಯ್ದೆಯಿಂದ ಬಂದಿದ್ದು ಅದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಂತ ಒಂದು ಐತಿ, ಸಂವಿಧಾನದಾಗ 371ಜೆ ಕಲಂ ಬಂದ ಮ್ಯಾಲ ಈ ಭಾಗಕ್ಕ ಬ್ಯಾರೆ ಅನುದಾನ ಬರತೈತಿ. ಕಟ್ಟಡಕ್ಕ, ರಸ್ತೆಕ್ಕ ಕೊಡ್ರಿ, ಬ್ಯಾಡ ಅನ್ನೋದಿಲ್ಲ, ಅದ್ರಾಗ ಪೆಟ್ಟಿಗಿ ಪುಸ್ತಕಕ್ಕೂ ಒಂದಿಷ್ಟು ತಗೀರಿ.

ಇನ್ನ ಯಾವಾಗ ಮಾಡ್ಬೇಕು ಅನ್ನೋದು. ಇದು ಬೆಂಗಳೂರಾಗ ಕುಂತು ಕ್ಯಾಲೆಂಡರ್ ನೋಡಿ ಹಾಕೋ ತಾರೀಖ್ ಆಗಬಾರ್ದು. ನಮ್ಮ ಕಡೆ ಸುಗ್ಗಿ ಮುಗೀತಂದ್ರ, ಮಳಿ ಕೈಕೊಟ್ಟ ವರ್ಷ ಅದಕ್ಕಿಂತ ಮೊದಲೇ, ಗುಳೇ ಹೋಗ್ತಾರ, ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕ, ಸಣ್ಣ ಮಕ್ಕಳನ್ನ ಬಿಟ್ಟು ಹೋಗಾಕ ಅಜ್ಜಿ ಇಲ್ಲದವ್ರು ಮಕ್ಕಳನ್ನೂ ಕರ್ಕೊಂಡು ಹೋಗ್ತಾರ. ಜನವರಿ ಫೆಬ್ರವರಿಗೆ ವೋಟಿಂಗ್ ಇಟ್ರಂದ್ರ ಯಾವ ಮಕ್ಕಳ ಮಾತು ಎಲ್ಲಾರ್ಕಿಂತ ಕಮ್ಮಿ ಕೇಳಸ್ತೈತೋ ಅವರೇ ಊರಾಗ ಇರೋದಿಲ್ಲ. ಹಂಗಂತ ಹತ್ತಿ ಬೀಜೋತ್ಪಾದನೆ ಹೊಲದಾಗ ಕ್ರಾಸಿಂಗ್ ಕೆಲಸ (ಕೈಯಿಂದ ಹೂವಿಗೆ ಪರಾಗ ಮುಟ್ಟಿಸೋದು) ನಡಿಯೋ ತಿಂಗಳದಾಗೂ ಕೆಲವು ಕಡೆ ಹುಡುಗ್ರು ಸಾಲಿಗೆ ಬರೋದು ಕಮ್ಮಿ ಆಗತೈತಿ, ಅದನ್ನ ಮುಚ್ಚಿಡೋದು ಯಾಕ. ಅದಕ್ಕ ಜೂನ್‌ದಾಗ ಸಾಲಿ ಶುರು ಆದ ಕೂಡ್ಲೇ ಗುಂಪಿಗೆ ಪುಸ್ತಕ ಮುಟ್ಟಬೇಕು, ಆಗಸ್ಟ್ ಒಳಗ ಪಟ್ಟಿ ಆಗಬೇಕು, ದಸರಾ ರಜಾದಾಗ ಪೆಟ್ಟಿಗಿ ಊರಾಗ ಇರಬೇಕು, ನವೆಂಬರ್ 14ಕ್ಕ ವೋಟ್. ದಸರಾ ರಜಾದಾಗ ಪುಸ್ತಕ ಸಾಲ್ಯಾಗ ಕೀಲಿ ಹಾಕಿ ಇಡಬಾರ್ದು, ಮಕ್ಕಳ ಮನಿಗೆ ಹೋಗಬೇಕು, ಇದನ್ನ ಎರಡು ಸಲ ಹೇಳ್ತೀನಿ, ಮನಿಗೆ ಹೋಗಬೇಕು. ಮನಿಗೆ ಹೋದ ಪುಸ್ತಕ ಅಕ್ಕ ಓದ್ತಾಳ, ತಮ್ಮ ಚಿತ್ರ ನೋಡ್ತಾನ, ಸಾಲಿ ಬಿಟ್ಟ ಅಣ್ಣನೂ ಮ್ಯಾಲ ಕೆಳಗ ಮಾಡಿ ಓದ್ತಾನ.

ವೋಟಿನ ಚೀಟಿ ಬಗ್ಗೆ ನನಗ ಕಾಣೋದು ಇಷ್ಟ. ಪುಸ್ತಕದ ಹೆಸರಿನ ಜೊತಿ ಅದರ ಮುಖಪುಟದ ಸಣ್ಣ ಚಿತ್ರ ಇರಲಿ, ಚುನಾವಣೆದಾಗ ಗುರುತು ಇರ್ತಾವಲ್ಲ ಹಂಗ. ಲೇಖಕರ ಹೆಸರಿನ ಮುಂದ ಡಾಕ್ಟರ್, ಪ್ರೊಫೆಸರ್ ಏನೂ ಬ್ಯಾಡ. ವೋಟ್ ಹಾಕಾಕ ಹತ್ತರಾಗ ಮೂರು ಓದಿರಬೇಕು ಇಲ್ಲಾ ಕೇಳಿರಬೇಕು, ಅದನ್ನ ಪರೀಕ್ಷೆ ಮಾಡಬಾರ್ದು, ಪ್ರಶ್ನೆಪತ್ರಿಕೆ ಕೊಡಬಾರ್ದು, ಸಾರಾಂಶ ಬರೆಸಬಾರ್ದು, ಮಾರ್ಕ್ಸ್ ಅಂತೂ ಬ್ಯಾಡೇ ಬ್ಯಾಡ. ತನ್ನ ಗೆಳೆಯನಿಗೆ ಎರಡು ನಿಮಿಷ ಆ ಕಥಿ ಹೇಳಿದ್ರ ಸಾಕು, ಗೆಳೆಯ ಸಹಿ ಮಾಡ್ಲಿ. ಮಾಸ್ತರ್ ಸಹಿ ಬ್ಯಾಡ ಅಂತ ಯಾಕ ಹೇಳ್ತೀನಿ ಅಂದ್ರ ಸಹಿ ಬಂತಂದ್ರ ಅದು ಹೋಮ್‌ವರ್ಕ್ ಆಗತೈತಿ, ಹೋಮ್‌ವರ್ಕ್ ಆದ ಪುಸ್ತಕದ ಮ್ಯಾಲ ಯಾರಿಗೂ ಪ್ರೀತಿ ಹುಟ್ಟೋದಿಲ್ಲ.

ಒಂದು ಸೂಕ್ಷ್ಮ ವಿಷಯ ಐತಿ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ. ಕನ್ನಡದಾಗ ಮಕ್ಕಳಿಗೆ ಬರಿಯೋರಾಗ ಭಾಳ ಮಂದಿ ಸಾಲಿ ಮಾಸ್ತರ್‌ಗಳು, ಟೀಚರ್‌ಗಳು, ಅದು ಹೆಮ್ಮೆ ವಿಷಯ, ದಿನಾ ಮಕ್ಕಳ ನಡುವ ಇರೋರೇ ಬರೀಬೇಕು. ಆದ್ರ ತಮ್ಮ ಮಾಸ್ತರ್ ಬರೆದ ಪುಸ್ತಕ ಪಟ್ಟಿ ಒಳಗ ಇದ್ರ ಆ ಸಾಲಿ ಹುಡುಗ್ರು ಬ್ಯಾರೆ ಪುಸ್ತಕಕ್ಕ ಹೆಂಗ ಹಾಕ್ತಾರ? ಪ್ರೀತಿಯಿಂದಾದ್ರೂ ಅವರಿಗೇ ಹಾಕ್ತಾರ. ಅದಕ್ಕ ಬರೆದವ್ರ ಸಾಲಿ ವೋಟು ಅವರ ಪುಸ್ತಕದ ಲೆಕ್ಕಕ್ಕ ಬರಬಾರ್ದು ಅಂತ ಮೊದಲೇ ನಿಯಮ ಮಾಡ್ರಿ, ಅವರಿಗೂ ಮುಜುಗರ ತಪ್ಪತೈತಿ. ಹಂಗ ಪ್ರಕಾಶಕರು, ಲೇಖಕರು ವೋಟಿಂಗ್ ಮುಗಿಯೋ ಮಟ ಸಾಲಿಗೆ ಬಂದು ಪೆನ್ನು, ಚಾಕೊಲೇಟ್ ಹಂಚಬಾರ್ದು. ಮುಗಿದ ಮ್ಯಾಲ ಬರ್ಲಿ, ಬರಬೇಕು ಸೈತ, ಗೆದ್ದವ್ರು ಸೋತವ್ರು ಇಬ್ಬರೂ ಬಂದು ಹುಡುಗ್ರ ಜೊತಿ ಕುಂತು ಮಾತಾಡ್ಲಿ, ಕುರಿ ಕಾಯೋ ಹುಡುಗಿಯಂಥಾಕಿ ಪ್ರಶ್ನೆಗೆ ಉತ್ತರ ಕೊಡ್ಲಿ.

ಪ್ರಶಸ್ತಿ ಅಂತ ಏನು ಕೊಡ್ಬೇಕು? ಶಾಲು, ಹಾರ, ಫಲಕ ಬ್ಯಾಡ. ನಮ್ಮ ಜಿಲ್ಲೆದಾಗ ಕಿನ್ನಾಳ ಐತಿ, ಹಗುರ ಕಟಿಗಿ ಕೆತ್ತಿ, ಹುಣಸಿ ಬೀಜದ ಅಂಟಿನ್ಯಾಗ ಕಟಿಗಿ ಪುಡಿ ಕಲಸಿ ಮೆತ್ತಿ, ಮ್ಯಾಲ ಬಣ್ಣ ಹಚ್ಚೋ ಗೊಂಬಿ, ಜಿಐ ಟ್ಯಾಗ್ ಸೈತ ಬಂದೈತಿ. ಗೆದ್ದ ಪುಸ್ತಕದಾಗಿನ ಯಾವುದಾದ್ರೂ ಒಂದು ಪಾತ್ರ, ಯಾವುದು ಅಂತ ಹುಡುಗ್ರೇ ಹೇಳ್ಲಿ, ಅದನ್ನ ಕಿನ್ನಾಳದ ಚಿತ್ರಗಾರರ ಕೈಯಾಗ ಗೊಂಬಿ ಮಾಡಿಸಿ ಬರೆದವ್ರಿಗೂ ಚಿತ್ರ ತೆಗೆದವ್ರಿಗೂ ಕೊಡ್ರಿ. ಚಿತ್ರ ತೆಗೆದವ್ರನ್ನ ಬಿಡಬ್ಯಾಡ್ರಿ, ಮಕ್ಕಳು ಮೊದಲು ಕೈ ಚಾಚೋದು ಚಿತ್ರ ನೋಡೇ. ಕೊಡೋ ಜಾಗ ಜನವರಿದಾಗ ಕೊಪ್ಪಳದ ಗವಿಮಠದ ಜಾತ್ರಿ ಆಗ್ಲಿ, ಲಕ್ಷಗಟ್ಟಲೆ ಜನ ಕೂಡ್ತಾರ, ಅಲ್ಲೇ ಹತ್ತೂ ಪುಸ್ತಕದ ಒಂದು ಅಂಗಡಿ ಹಾಕ್ರಿ, ಜಾತ್ರ್ಯಾಗ ಮಗ ಕೇಳಿದ ಪೀಪಿ ಕೊಡಿಸೋ ಅಪ್ಪ ಪುಸ್ತಕನೂ ಕೊಡಸ್ತಾನ. ಸ್ಟೇಜ್ ಮ್ಯಾಲ ಪ್ರಶಸ್ತಿ ಕೊಡೋದು ಮಂತ್ರಿಗಳಲ್ಲ, ಪಟ್ಟಿ ಮಾಡಿದ ಗುಂಪಿನ ಹುಡುಗ್ರು. ಪ್ರಶಸ್ತಿಗೆ ಯಾರ ಹೆಸರು ಇಡಬೇಕು ಅಂತನೂ ನೀವು ಸಭೆ ಮಾಡಬ್ಯಾಡ್ರಿ, ಮೊದಲನೇ ವರ್ಷದ ಹುಡುಗ್ರೇ ಇಡ್ಲಿ.

ನಮ್ಮ ಊರಾಗ ನಾವು ನಾಲ್ಕೈದು ಮಂದಿ ತಾಯಂದ್ರು ತಯಾರ್ ಅದೀವಿ, ಪೆಟ್ಟಿಗಿ ನೋಡ್ಕೊಳ್ಳಾಕ, ಓದಾಕ ಬರಲಾರದವ್ರಿಗೆ ಓದಿ ಹೇಳಾಕ, ವೋಟಿನ ದಿನ ಕುಂದ್ರಾಕ, ರೊಕ್ಕ ಏನೂ ಬ್ಯಾಡ. ಬರೋ ಮಕ್ಕಳ ಗ್ರಾಮಸಭೆದಾಗ ಹುಡುಗ್ರು ಇದನ್ನ ತಾವೇ ಬರೆದು ಅರ್ಜಿ ಕೊಡೋರು ಅದಾರ, ಕುರಿ ಮನಿ ಹುಡುಗಿನೇ ಓದತೀನಿ ಅಂದಾಳ. ಆ ಅರ್ಜಿ ಪಂಚಾಯ್ತಿಯಿಂದ ನಿಮ್ಮ ಟೇಬಲ್ಲಿಗೆ ಬರತೈತಿ. ಆಗತೈತಿ ಅಂದ್ರ ಯಾವ ತಿಂಗಳು ಪುಸ್ತಕ ಬರ್ತಾವ ಅಂತ ಬರೀರಿ, ಆಗೋದಿಲ್ಲ ಅಂದ್ರ ಯಾಕ ಆಗೋದಿಲ್ಲ ಅಂತ ಬರೀರಿ, ಏನ ಬರದ್ರೂ ಅರ್ಜಿ ಕೊಟ್ಟ ಹುಡುಗ್ರ ಹೆಸರಿಗೇ ಬರೀರಿ, ಅವರಿಗೆ ತಿಳಿಯೋ ಕನ್ನಡದಾಗ.

ಇಂತಿ,
ಕುಕನೂರು ತಾಲೂಕಿನ ಒಬ್ಬ ತಾಯಿ